ಪೆಟ್ಟಿಗೆಯೊಳಗೇ ಇತ್ತು, ಸಿಗಲಿಲ್ಲ

ಇದೇನಪ್ಪಾ, ಅಡಿಗೆ ಪುಟದ ಮಗ್ಗುಲಲ್ಲಿ ಅಂಗಡಿ ಬಿಲ್ಲಿನ ಕಥೆ ಅಂತ ಮುಖ ತಿರುಗಿಸಬೇಡಿ. ನಿಮ್ಮ ಮನೆಯಲ್ಲೂ ಒಂದು ಚಿಕ್ಕ ಅಂಗಡಿಯೋ, ಹೊಲಿಗೆ ಯಂತ್ರವೋ, ಚಟ್ನಿಪುಡಿ ಮಾಡಿ ಮಾರುವ ಉದ್ಯೋಗವೋ ಇದ್ದೀತು. ಇಲ್ಲದಿದ್ದರೆ ತಂಗಿಯ ಮನೆಯಲ್ಲಿ, ನೆರೆಮನೆಯಲ್ಲಿ ಇದ್ದೇ ಇರುತ್ತೆ. ಈಗೆಲ್ಲ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಬಿಲ್ಲು ಬರೆಯುವ ಕಾಲ. ಬರೆಯುವುದೇನು, ಒಂದು ವಾರ ಕೂತರೆ ಯಾರು ಬೇಕಾದರೂ ಕಲೀತಾರೆ. ಬರೆದದ್ದನ್ನು ಆಮೇಲೆ ಹುಡುಕಿ ತೆಗೆಯುವುದಿದೆಯಲ್ಲ, ಅಲ್ಲಿ ನನಗೆ ಆದ ಫಜೀತಿಯನ್ನು, ಫಜೀತಿ ಅನ್ನುವುದಕ್ಕಿಂತ ನಾನೇ ಮಾಡಿದ ತಪ್ಪನ್ನು, ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅಂತ ಬಹಳ ದಿನದಿಂದ ಇತ್ತು.

ನಮ್ಮದು ಯಲಹಂಕ ಹಳೇ ಊರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ. ಮಾವನವರು ಹಾಕಿದ್ದು. 1984ರಲ್ಲಿ ಇಲ್ಲಿ ರೈಲ್ವೆಯವರ ಗಾಲಿ ಕಾರ್ಖಾನೆ ಶುರುವಾಯಿತಲ್ಲ, ಉಪನಗರದಲ್ಲಿ ಒಂದೊಂದೇ ಮನೆ ಏಳುತ್ತಿತ್ತಲ್ಲ, ಆ ಕಾಲದ್ದು. ಮೊಳೆ, ಚಿಲಕ, ನಲ್ಲಿ, ಪೈಪು, ಸಿಮೆಂಟು. 2008ರಲ್ಲಿ ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಬಂದಮೇಲೆ ಹೆಬ್ಬಾಳದಿಂದ ಆಚೆಗೆ ಕಟ್ಟಡಗಳು ಎದ್ದ ರೀತಿಯನ್ನು ನೀವೂ ಬಸ್ಸಿನಲ್ಲಿ ಹೋಗುವಾಗ ನೋಡಿರುತ್ತೀರಿ. ನಮಗೂ ವ್ಯಾಪಾರ ಹೆಚ್ಚಿತು. ಆದರೆ ನಾನು ಆ ಕಡೆ ತಲೆ ಹಾಕಿದವಳಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಮದುವೆಯಾಗಿ ಬಂದವಳು, ಮನೆ, ಮಗಳು, ಅತ್ತೆ ಮಾವ, ಅಷ್ಟೇ ನನ್ನ ಪ್ರಪಂಚ. 2022ರ ದೀಪಾವಳಿ ಕಳೆದ ಮೇಲೆ ನಮ್ಮವರು ಗೋಡೌನಿನಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಆಪರೇಷನ್ನು, ರಾಡು, ಆರು ತಿಂಗಳು ಹಾಸಿಗೆ. ಅಂಗಡಿ ಬಾಗಿಲು ಹಾಕೋ ಹಾಗಿಲ್ಲ. ಸೆರಗು ಸಿಕ್ಕಿಸಿಕೊಂಡು ನಾನೇ ಹೋಗಿ ಗಲ್ಲಾದ ಮುಂದೆ ಕೂತೆ.

ನಮ್ಮ ಮಾವನವರ ಕಾಲದಲ್ಲಿ ಕೆಂಪು ರಟ್ಟಿನ ಉದ್ದ ಪುಸ್ತಕ ಇತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ನಮ್ಮ ಆಡಿಟರು, ಇನ್ನು ಪುಸ್ತಕ ಸಾಗೋಲ್ಲ, ಬಿಲ್ಲು ಕಂಪ್ಯೂಟರಿನಲ್ಲೇ ಆಗಲಿ ಅಂದರು. ಒಂದು ಚಿಕ್ಕ ಸಾಫ್ಟ್‌ವೇರ್ ಕೊಂಡರು. ಯಾವ ಕಂಪನಿ ಅಂತ ಕೇಳಬೇಡಿ, ಹೆಸರು ಹೇಳಿ ಯಾರನ್ನೂ ನೋಯಿಸುವ ಆಸೆ ನನಗಿಲ್ಲ. ಇಂಥ ಲೆಕ್ಕದ ಸಾಫ್ಟ್‌ವೇರ್ ಎಲ್ಲ ಅಮೆರಿಕದಿಂದ ಬರುತ್ತೆ ಅಂತ ನಾನು ತಿಳಿದಿದ್ದೆ ನೋಡಿ. ಹಾಗಲ್ಲವಂತೆ. ದೇಶಕ್ಕೆಲ್ಲ ಗೊತ್ತಿರುವ ಟ್ಯಾಲಿ ನಮ್ಮ ಬೆಂಗಳೂರಿನದೇ, 1986ರದು. ಶ್ಯಾಮ್ ಸುಂದರ್ ಗೋಯೆಂಕಾ ಅನ್ನುವವರು ಗಿರಣಿಗಳಿಗೆ ಯಂತ್ರದ ಬಿಡಿಭಾಗ ಮಾರುವ ವ್ಯಾಪಾರ ಮಾಡುತ್ತಿದ್ದರಂತೆ. ತಮ್ಮ ಲೆಕ್ಕಕ್ಕೆ ಒಪ್ಪುವಂಥದ್ದು ಎಲ್ಲೂ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ನೀನೇ ಒಂದು ಮಾಡಿಕೊಡು ಅಂದರಂತೆ. ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ಅಂಗಡಿಯವರ ಕಷ್ಟದಿಂದಲೇ ಹುಟ್ಟಿದ್ದು ಅದು. ಅಂಗಡಿಯವರ ಕಷ್ಟ ಕೇಳಿದರೆ ಮಿಕ್ಕವರೂ ಸುಧಾರಿಸಬಹುದು ಅನ್ನುವ ಧೈರ್ಯ ನನಗೆ ಬಂದದ್ದು ಈ ಕಥೆ ಕೇಳಿದ ಮೇಲೆಯೇ.

ಈಗ ವಿಷಯಕ್ಕೆ ಬರ್ತೀನಿ.

2023ರ ಮಾರ್ಚ್ ಕೊನೇ ವಾರ. ವರ್ಷದ ಲೆಕ್ಕ ಮುಗಿಸಬೇಕು, ಬಾಕಿ ವಸೂಲಿ ಮಾಡಬೇಕು. ಕೊಡಬೇಕಾದವರ ಪಟ್ಟಿ ತೆಗೆದು ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದೆ. ಅದರಲ್ಲಿ ಒಬ್ಬ ಮೇಸ್ತ್ರಿ. ಕೋಗಿಲು ಕಡೆಯವರು, ಅರವತ್ತು ದಾಟಿದವರು, ಮಾವನವರ ಕಾಲದಿಂದ ನಮ್ಮಲ್ಲೇ ಸಾಮಾನು ಒಯ್ಯುವವರು. ಅವರ ಪೂರ್ತಿ ಹೆಸರು ಇಲ್ಲಿ ಬೇಡ. ಲಕ್ಷ್ಮಿಯಿಂದ ಶುರುವಾಗುವ ಹೆಸರು ಅಂತಷ್ಟೇ ಹೇಳ್ತೀನಿ, ಯಾಕೆಂದರೆ ಎಡವಟ್ಟು ಆದದ್ದೇ ಆ ಲಕ್ಷ್ಮಿಯಿಂದ. ಅವರ ಹೆಸರಿನ ಮುಂದೆ 18,400 ರೂಪಾಯಿ ಬಾಕಿ ಅಂತ ತೋರಿಸುತ್ತಿತ್ತು. ಹಿಂದಿನ ಜುಲೈನಲ್ಲಿ ಒಯ್ದ ಪೈಪು, ನಲ್ಲಿಗಳ ಬಿಲ್ಲು.

ಮಾರನೆಯ ದಿನ ಅವರೇ ಅಂಗಡಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಬರೋ ಪೈಕಿ ಮನುಷ್ಯ.

"ಏನವ್ವಾ, ಫೋನ್ ಮಾಡಿದ್ದೆ. ಆ ದುಡ್ಡು ನಾನು ಕೊಟ್ಟಿವ್ನಲ್ಲ. ಗೌರಿ ಹಬ್ಬಕ್ಕೆ ಮುಂಚೆ ಯಜಮಾನ್ರ ಕೈಗೇ ಎಣಿಸಿ ಕೊಟ್ಟೆ. ಹುಡುಗ ಬರ್ಕೊಂಡ" ಅಂದರು.

ನಾನು ಅವರ ಹೆಸರು ಹಾಕಿ ಹುಡುಕಿದೆ. ಎಲ್, ಎ, ಕೆ ಒತ್ತುತ್ತಿದ್ದ ಹಾಗೇ ಅವರ ಖಾತೆ ಬಂತು. ಒಳಗೆ ನೋಡಿದರೆ ಬಿಲ್ಲು ಇದೆ, ಜಮೆ ಇಲ್ಲ. ಇನ್ನೊಂದು ಸಲ ನೋಡಿದೆ. ಇಲ್ಲ. ನಮ್ಮವರಿಗೆ ಫೋನು ಹಾಕಿದೆ. "ಕೊಟ್ಟ ಹಾಗೆ ನೆನಪು ಕಣೇ, ಖಚಿತವಾಗಿ ಹೇಳಲಾರೆ, ಕಂಪ್ಯೂಟರಿನಲ್ಲಿ ನೋಡಿಬಿಡು" ಅಂದರು. ಮೂವತ್ತು ವರ್ಷದ ಗಿರಾಕಿಯ ವಿಷಯದಲ್ಲಿ ಅವರು ತಮ್ಮ ನೆನಪಿಗಿಂತ ಪೆಟ್ಟಿಗೆಯನ್ನು ನಂಬಿದರು. ಅವರು ನಂಬಿದರಲ್ಲ, ನಾನೂ ನಂಬಿದೆ.

"ಚೀಟಿ ಏನಾದರೂ ಇದೆಯಾ?" ಅಂತ ಕೇಳಿದೆ.

"ಕೊಟ್ಟಿದ್ರು. ಎಲ್ಲಿ ಮಡಗಿದ್ನೋ, ಮನೇಲಿ ನೋಡ್ಬೇಕು."

ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ಮೂರು ಜನ ಗಿರಾಕಿ ನಿಂತಿದ್ದರು. ಅವರೆದುರಿಗೆ ನಾನು ಏನು ಹೇಳಿದೆ ಗೊತ್ತೆ? "ಕೊಟ್ಟಿದ್ದರೆ ಇದರಲ್ಲಿ ಇರಲೇಬೇಕು ಮೇಸ್ತ್ರಿ, ಯಂತ್ರ ಸುಳ್ಳು ಹೇಳುತ್ಯೆ?" ಅಂದೆ. ಯಂತ್ರ ಸುಳ್ಳು ಹೇಳೋಲ್ಲ ಅಂದರೆ ಸುಳ್ಳು ಹೇಳೋರು ಯಾರು ಅಂತ ಆಯಿತು? ಬಾಯಿಂದ ಮಾತು ಜಾರಿದ ಮೇಲೇ ನನಗೆ ಅದರ ಅರ್ಥ ಹೊಳೆದದ್ದು. ಅವರು ಏನೂ ಅನ್ನಲಿಲ್ಲ. ಒಳ ಜೇಬಿನಿಂದ ಕವರು ತೆಗೆದು 5,000 ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟರು. "ಮಿಕ್ಕದ್ದು ನೋಡ್ತೀನಿ" ಅಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಆಮೇಲೆ ನಮ್ಮ ಅಂಗಡಿ ಮೆಟ್ಟಿಲು ಹತ್ತಲಿಲ್ಲ.

ಜೂನ್ ತಿಂಗಳು. ಮಗಳು ಬಿ.ಕಾಂ. ಓದುತ್ತಿದ್ದಳು, ಪರೀಕ್ಷೆ ಮುಗಿದಿತ್ತು. ಆಡಿಟರಿಗೆ ಕೊಡಬೇಕಾದ ಪಟ್ಟಿಗಳನ್ನು ಹಾಳೆಗೆ ಇಳಿಸುತ್ತಾ ಕೂತಿದ್ದವಳು ಇದ್ದಕ್ಕಿದ್ದ ಹಾಗೆ, "ಅಮ್ಮಾ, ಇದ್ಯಾರು? ಇವರಿಗೆ ನಾವೇ 18,400 ಕೊಡಬೇಕು ಅಂತ ತೋರಿಸ್ತಿದೆ" ಅಂದಳು.

ನಾನು ಎದ್ದು ಹೋಗಿ ನೋಡಿದೆ. ಅದೇ ಮೇಸ್ತ್ರಿ. ಆದರೆ ಹೆಸರು ಬರೆದಿರುವುದು ಎಲ್, ಎ, ಎಕ್ಸ್, ಎಮ್, ಐ ಅಂತ. ತಾರೀಕು 2022ರ ಆಗಸ್ಟ್ 26, ಗೌರಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ. ನಗದು, 18,400.

ಆಗಿದ್ದೇನೆಂದರೆ, ನಮ್ಮವರು ದುಡ್ಡು ಎಣಿಸಿಕೊಂಡು ಅಂಗಡಿ ಹುಡುಗನಿಗೆ ಬರೆದುಕೋ ಅಂದಿದ್ದಾರೆ. ಅವನು ಶಾಲೆಯಲ್ಲಿ ಕಲಿತ ಹಾಗೆ ಎಕ್ಸ್ ಹಾಕಿ ಹುಡುಕಿದ್ದಾನೆ. ಸಾಫ್ಟ್‌ವೇರಿಗೆ ಹೆಸರು ಮೊದಲ ಅಕ್ಷರದಿಂದ ಹಿಡಿದು ತಾನು ಕಂಡಂತೆಯೇ ಇರಬೇಕು, ಒಂದಕ್ಷರ ಆಚೀಚೆ ಆದರೂ ಅದಕ್ಕೆ ಆ ಮನುಷ್ಯನೇ ಬೇರೆ. "ಸಿಗಲಿಲ್ಲ, ಹೊಸ ಗ್ರಾಹಕರೆಂದು ಸೇರಿಸಲೇ?" ಅಂತ ಕೇಳಿದೆ. ಹುಡುಗ ಹೂಂ ಅಂತ ಒತ್ತಿದ್ದಾನೆ. ಅಲ್ಲಿಗೆ ಒಬ್ಬ ಮೇಸ್ತ್ರಿ ಇಬ್ಬರಾದರು. ಒಬ್ಬರಿಗೆ ಬಾಕಿ, ಇನ್ನೊಬ್ಬರಿಗೆ ಜಮೆ. ಯಂತ್ರ ಸುಳ್ಳು ಹೇಳಿರಲಿಲ್ಲ ನೋಡಿ. ದುಡ್ಡು ಪೆಟ್ಟಿಗೆಯೊಳಗೇ ಇತ್ತು.

ಹುಡುಗನನ್ನು ನಾನು ಬೈಯಲಿಲ್ಲ. ಗೌರಿ ಹಬ್ಬದ ಮುಂಚಿನ ವಾರ ಅಂತ ಮೇಸ್ತ್ರಿ ಬಾಯಿಬಿಟ್ಟು ಹೇಳಿದ್ದರು. ಆ ವಾರದ ಜಮೆಗಳನ್ನು ಒಂದೊಂದೇ ನೋಡಿದ್ದರೆ ಅರ್ಧ ಗಂಟೆಯ ಕೆಲಸ. ಅಂಗಡಿಯಲ್ಲಿ ಜನ ಇದ್ದಾರೆ ಅಂತ ನಾನು ಅಷ್ಟು ಮಾಡಲಿಲ್ಲ.

ಸಂಜೆಯೇ ಆಟೋ ಮಾಡಿಕೊಂಡು ನಮ್ಮವರೂ ನಾನೂ ಅವರ ಮನೆಗೆ ಹೋದೆವು. ನಮ್ಮವರು ಊರುಗೋಲಿನ ಮೇಲೆ. 5,000 ರೂಪಾಯಿ, ಒಂದು ಡಜನ್ ಬಾಳೆಹಣ್ಣು, ಒಂದು ಮೊಳ ಹೂವು ತೆಗೆದುಕೊಂಡಿದ್ದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ, ಬಾಗಿಲಲ್ಲಿ ನಿಂತಾಗ ಒಂದೂ ಬರಲಿಲ್ಲ. ಅವರ ಹೆಂಡತಿ ಕಾಫಿ ಮಾಡಿಕೊಟ್ಟರು. ನಾನು ದುಡ್ಡು ಮುಂದಿಟ್ಟು, "ತಪ್ಪಾಯ್ತು ಮೇಸ್ತ್ರಿ, ನಿಮ್ಮ ಹೆಸರು ಎರಡು ಕಡೆ ಬರೆದುಬಿಟ್ಟಿದ್ದರು" ಅಂದೆ. ಅವರು ದುಡ್ಡು ಎಣಿಸಲಿಲ್ಲ, ಹಾಗೇ ಜೇಬಿಗಿಟ್ಟರು.

"ದೊಡ್ಡ ಯಜಮಾನ್ರ ಪುಸ್ತಕದಾಗೆ ನನ್ನ ಹೆಸರೇ ಇರ್ಲಿಲ್ಲ ಕಣವ್ವ" ಅಂದರು. "ಬಾವಿಮನೆ ಅಂತ ಬರ್ಕೊಳೋರು. ಒಂದ್ ದಿನಾನೂ ತಪ್ಪಿರ್ಲಿಲ್ಲ."

ಮನೆಗೆ ಬಂದು ಅಟ್ಟದ ಮೇಲಿನ ಟ್ರಂಕು ಇಳಿಸಿ ಮಾವನವರ ಪುಸ್ತಕ ತೆಗೆದೆ. ನಿಜ. ಬಾವಿಮನೆ, ಕೋಗಿಲು. ಅದರ ಕೆಳಗೆ ಇನ್ನೊಬ್ಬರು, ಕುಂಟ ಎತ್ತಿನ ಗಾಡಿ, ಜಕ್ಕೂರು. ಮತ್ತೊಬ್ಬರು, ಪೋಸ್ಟಾಫೀಸಿನ ಭಾವ, ಅಟ್ಟೂರು. ಒಬ್ಬರದಂತೂ ಬರೀ "ಉಗುಳುವವನು" ಅಂತ ಇದೆ, ನಗು ತಡೆಯಲಾಗಲಿಲ್ಲ. ಮಾವನವರು ಜನರನ್ನು ಯಾವ ಗುರುತಿನಿಂದ ನೆನಪಿಟ್ಟುಕೊಳ್ಳುತ್ತಿದ್ದರೋ ಅದೇ ಗುರುತಿನಲ್ಲಿ ಬರೆಯುತ್ತಿದ್ದರು. ಹಾಗಾಗಿ ಬೇಕಾದಾಗ ಸಿಗುತ್ತಿತ್ತು. ನಾವಾದರೋ ಆಧಾರ್ ಕಾರ್ಡಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ನೆನಪಿಸಿಕೊಂಡು, ಮತ್ತೆ ಇಂಗ್ಲಿಷಿನಲ್ಲಿ ಹುಡುಕುತ್ತೇವೆ.

ಮಗಳೂ ನಾನೂ ಸೇರಿ ಎಲ್ಲ ಹೆಸರನ್ನೂ ಜಾಲಾಡಿದೆವು. ನಾನೂರು ಚಿಲ್ಲರೆ ಗಿರಾಕಿಗಳಲ್ಲಿ 61 ಜನ ಎರಡೆರಡು ಸಲ ಇದ್ದರು. ಮಂಜುನಾಥ ಅನ್ನುವ ಹೆಸರಿಗೆ ಕೊನೆಯಲ್ಲಿ ಎ ಇದ್ದದ್ದು ಒಂದು, ಇಲ್ಲದ್ದು ಒಂದು. ಗೌಡರು ಡಬ್ಲ್ಯೂ ಹಾಕಿದಾಗ ಒಬ್ಬರು, ಯು ಹಾಕಿದಾಗ ಇನ್ನೊಬ್ಬರು. ವೆಂಕಟೇಶ ಹೋಗಿ ವೆಂಕಟೇಶ್. ಎಲ್ಲಮ್ಮ ಅನ್ನುವ ಹೆಸರನ್ನು ಒಬ್ಬರು ಇ ಇಂದ ಬರೆದರೆ ಇನ್ನೊಬ್ಬರು ವೈ ಇಂದ. ಶ್ರೀ ಅನ್ನುವುದನ್ನು ಹೆಸರಿಗೆ ಮುಂಚೆ ಹಚ್ಚಿಟ್ಟಿದ್ದವರನ್ನಂತೂ ಹುಡುಕುವುದೇ ಸಾಧ್ಯವಿಲ್ಲ, ಮೊದಲ ಅಕ್ಷರದಿಂದಲೇ ನೋಡುವ ಸಾಫ್ಟ್‌ವೇರಿಗೆ ಅವರೆಲ್ಲ ಎಸ್ ಮನೆತನದವರು. ಒಬ್ಬ ಕಂಟ್ರಾಕ್ಟರು ನಾಲ್ಕು ರೂಪದಲ್ಲಿದ್ದರು, ಅವತಾರಪುರುಷರ ಹಾಗೆ.

ಹುಡುಕಿದ್ದು ಸಿಗದಿದ್ದರೆ ಅಷ್ಟಕ್ಕೇ ಮುಗಿಯೋಲ್ಲ ಅಂತ ನನಗೆ ಆಗ ಅರ್ಥವಾಯಿತು. ಸಿಗದಿದ್ದಾಗೆಲ್ಲ ಹೊಸದೊಂದು ಹುಟ್ಟಿಕೊಳ್ಳುತ್ತೆ. ಹೊಸದು ಹುಟ್ಟಿದ ಹಾಗೆ ಹಳೆಯದು ಸಿಗುವುದು ಇನ್ನೂ ಕಷ್ಟ. ಜೀರಿಗೆ ಡಬ್ಬಿ ಕೈಗೆ ಸಿಗಲಿಲ್ಲ ಅಂತ ಅಂಗಡಿಯಿಂದ ಇನ್ನೊಂದು ಪೊಟ್ಟಣ ತರಿಸಿ, ವರ್ಷದ ಕೊನೆಗೆ ಮನೆಯಲ್ಲಿ ಐದು ಪೊಟ್ಟಣ ಜೀರಿಗೆ ಹುಳು ಹಿಡಿದು ಕೂತಿರುತ್ತಲ್ಲ, ಹಾಗೆ.

ಸಾಮಾನಿನ ಹೆಸರಿನದು ಇನ್ನೊಂದು ರಾಮಾಯಣ. ಗಿರಾಕಿ ನಲ್ಲಿ ಕೊಡಿ ಅಂತಾರೆ, ಕೆಲವರು ಕೊಳಾಯಿ ಅಂತಾರೆ, ಟ್ಯಾಪು ಅನ್ನೋರೂ ಉಂಟು. ಕಂಪ್ಯೂಟರಿನಲ್ಲಿ ಅದು ಬಿಬ್ ಕಾಕ್. ಚಿಲಕ ಅಂದರೆ ಟವರ್ ಬೋಲ್ಟ್. ಹೊರಬಾಗಿಲಿನ ಅಗುಳಿ ಅಂದರೆ ಆಲ್ಡ್ರಾಪ್. ಮೊದಲ ತಿಂಗಳು ನಾನು ಚಿಲಕ, ಚಿಲಕ ಅಂತ ಹುಡುಕಿ ಹುಡುಕಿ ಸಾಕಾಗಿ, ಬೆಲೆ ಹುಡುಗನನ್ನೇ ಕೇಳುತ್ತಿದ್ದೆ. ಹಿಂದೊಮ್ಮೆ ನಮ್ಮವರು ಡಿ.ಟಿ.ಪಿ. ಅಂಗಡಿಯಲ್ಲಿ ಕನ್ನಡದಲ್ಲೇ ಬೆಲೆಪಟ್ಟಿ ಮಾಡಿಸಿದ್ದರು, ನುಡಿಯ ಹಳೇ ಅಕ್ಷರಗಳಲ್ಲಿ. ಓದೋಕೆ ಕನ್ನಡ, ಆದರೆ ಒಳಗೆ ಕಂಪ್ಯೂಟರು ಅದನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಇಟ್ಟುಕೊಂಡಿರುತ್ತಂತೆ. ಈಗಿನ ಯೂನಿಕೋಡ್ ಕನ್ನಡದಲ್ಲಿ ಚಿಲಕ ಅಂತ ಹೊಡೆದರೆ ಅದರಲ್ಲಿ ಒಂದು ಚಿಲಕವೂ ಸಿಗೋಲ್ಲ. ಹಳೇ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸಿಕೊಳ್ಳಬಹುದು, ಅದಕ್ಕೆ ಉಪಕರಣ ಇದೆ. ನಿಮ್ಮಲ್ಲಿ ಯಾರಾದರೂ ಸಂಘದ ಸದಸ್ಯರ ಪಟ್ಟಿಯನ್ನೋ ಭಜನಾ ಮಂಡಳಿಯ ಲೆಕ್ಕವನ್ನೋ ಹಾಗೆ ಇಟ್ಟಿದ್ದರೆ ಮಕ್ಕಳ ಕೈಲಿ ಬದಲಾಯಿಸಿಡಿ.

ಸರಿ, ಸಾಫ್ಟ್‌ವೇರ್ ಕಂಪನಿಗೆ ಫೋನು ಮಾಡಿದೆ. ಮೊದಲ ದಿನ ಎತ್ತಿದ ಹುಡುಗ ಪೂರ್ತಿ ಕೇಳಲೂ ಇಲ್ಲ. "ಮೇಡಂ, ಸ್ಪೆಲಿಂಗ್ ಕರೆಕ್ಟಾಗಿ ಟೈಪ್ ಮಾಡಿ, ಬರುತ್ತೆ" ಅಂದ. ಕರೆಕ್ಟ್ ಯಾವುದಪ್ಪಾ? ಲಕ್ಷ್ಮಿಗೆ ಕೆ ಎಸ್ ಎಚ್ ಸರಿಯೋ ಎಕ್ಸ್ ಸರಿಯೋ ಅಂತ ಯಾರು ತೀರ್ಪು ಕೊಡಬೇಕು? ಅವರವರ ಹೆಸರಿಗೆ ಅವರವರು ಬರೆದದ್ದೇ ಸರಿ. ನನಗೆ ರೇಗಿತು, ಫೋನು ಇಟ್ಟುಬಿಟ್ಟೆ.

ಮಗಳು ಹೇಳಿದಳು, ಅಮ್ಮಾ, ಕೂಗಾಡಿದರೆ ಆಗೋಲ್ಲ, ಏನೇನು ಬೇಕು ಅಂತ ಬರೆದು ಕಳಿಸೋಣ. ಇಬ್ಬರೂ ಕೂತು ಒಂದು ಕಾಗದ ಬರೆದೆವು. ನಾನು ಹೇಳುತ್ತಾ ಹೋದೆ, ಅವಳು ಬರೆದಳು. ಹೆಸರಿನ ನಡುವಿನ ತುಂಡು ಹಾಕಿದರೂ ಸಿಗಬೇಕು, ಮೊದಲಿನಿಂದಲೇ ಬೇಕು ಅನ್ನೋ ಹಟ ಬೇಡ. ಹೆಸರು ನೆನಪಿಲ್ಲದೆ ಬರೀ ಮೊತ್ತ ನೆನಪಿದ್ದರೆ ಮೊತ್ತದಿಂದಲೇ ಸಿಗಬೇಕು. 18,400 ಅಂತ ಅವತ್ತು ಹಾಕುವ ಹಾಗಿದ್ದಿದ್ದರೆ ಮೇಸ್ತ್ರಿ ಎದುರಿಗೇ ಎರಡೂ ಸಾಲು ಬರುತ್ತಿತ್ತಲ್ಲವೆ? ತಿಂಗಳಿನಿಂದ ಸಿಗಬೇಕು, ಊರಿನಿಂದ ಸಿಗಬೇಕು. ಒಂದು ಸಾಮಾನಿಗೆ ಎರಡು ಮೂರು ಅಡ್ಡಹೆಸರು ಇಟ್ಟುಕೊಳ್ಳಲು ಜಾಗ ಬೇಕು, ಕನ್ನಡದಲ್ಲೂ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸಬರನ್ನು ಸೇರಿಸಲೇ ಅಂತ ಕೇಳುವ ಮುಂಚೆ, ಇಂಥದೇ ಹೆಸರಿನವರು ಇವರು ಇದ್ದಾರೆ, ಇವರಲ್ಲವೇ ಅಂತ ಒಂದು ಮಾತು ಕೇಳಬೇಕು.

ಉಚ್ಚಾರಣೆ ಒಂದೇ ಇರುವ ಹೆಸರುಗಳನ್ನು ಯಂತ್ರ ಹೇಗೆ ಗುರುತು ಹಿಡಿದೀತು, ಅದೆಲ್ಲ ಆಗದ ಮಾತೇನೋ ಅಂತ ನನಗೆ ಅನುಮಾನ ಇತ್ತು. ಮಗಳು ಎಲ್ಲೋ ಓದಿಕೊಂಡು ಬಂದು ಹೇಳಿದಳು. ನೂರು ವರ್ಷಕ್ಕೂ ಹಿಂದೆ, 1918ರಲ್ಲಿ, ಕಂಪ್ಯೂಟರೇ ಇಲ್ಲದ ಕಾಲದಲ್ಲಿ, ರಾಬರ್ಟ್ ರಸೆಲ್ ಅನ್ನುವವರು ಅಮೆರಿಕದಲ್ಲಿ ಇದಕ್ಕೆ ಪೇಟೆಂಟು ಪಡೆದಿದ್ದರಂತೆ. ಆಮೇಲೆ ಅದು ಸೌಂಡೆಕ್ಸ್ ಅಂತ ಹೆಸರಾಯಿತು, ಅಲ್ಲಿನ ಜನಗಣತಿಯ ಹೆಸರುಗಳನ್ನು ಹುಡುಕುವುದಕ್ಕೂ ಬಳಸಿದರು. ಉಪಾಯ ಬಲು ಸರಳ, ನಮ್ಮ ಜರಡಿ ಹಿಡಿದ ಹಾಗೆ. ಹೆಸರಿನ ಮೊದಲ ಅಕ್ಷರ ಹಾಗೇ ಇಟ್ಟುಕೋ. ಮಿಕ್ಕದ್ದರಲ್ಲಿ ಸ್ವರಗಳನ್ನೂ ವೈ, ಎಚ್, ಡಬ್ಲ್ಯೂಗಳನ್ನೂ ಬಿಟ್ಟುಬಿಡು. ಉಳಿದ ವ್ಯಂಜನಗಳನ್ನು ಧ್ವನಿ ನೋಡಿ ಆರು ಗುಂಪು ಮಾಡು, ಗುಂಪಿಗೊಂದು ಅಂಕಿ. ಒಂದೇ ಗುಂಪಿನವು ಜೊತೆಯಾಗಿ ಬಂದರೆ ಒಂದೇ ಅಂತ ಎಣಿಸು. ಮೂರು ಅಂಕಿಗೆ ನಿಲ್ಲಿಸು, ಸಾಲದೆ ಹೋದರೆ ಸೊನ್ನೆ ತುಂಬು.

ನಾನು ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡಿ ನೋಡಿದೆ. ಕೆ, ಎಸ್, ಎಕ್ಸ್ ಮೂರೂ 2ನೆಯ ಗುಂಪು. ಎಮ್ 5ನೆಯದು. ಕೆ ಎಸ್ ಎಚ್ ಹಾಕಿದ ಲಕ್ಷ್ಮಿ ಎಲ್ 250 ಆಯಿತು. ಎಕ್ಸ್ ಹಾಕಿದ ಲಕ್ಷ್ಮಿಯೂ ಎಲ್ 250! ಗೌಡರು ಎರಡೂ ವಿಧದಲ್ಲಿ ಜಿ 300. ಮಂಜುನಾಥ ಬಾಲ ಇದ್ದರೂ ಇಲ್ಲದಿದ್ದರೂ ಎಮ್ 525. ಪೆನ್ಸಿಲಿನಲ್ಲಿ ನಾನು ಎಸ್.ಎಸ್.ಎಲ್.ಸಿ.ಯವಳು ಮಾಡಬಲ್ಲೆ, ದುಡ್ಡು ತೆಗೆದುಕೊಂಡ ಸಾಫ್ಟ್‌ವೇರು ಮಾಡಲಿಲ್ಲ ಅಂತ ಮತ್ತೆ ಹೊಟ್ಟೆ ಉರಿಯಿತು. ಎಲ್ಲಕ್ಕೂ ಇದೇ ಮದ್ದು ಅಂತೇನಲ್ಲ, ನಿಜ ಹೇಳಬೇಕು. ಮೊದಲ ಅಕ್ಷರವನ್ನು ಇದು ಬಿಡುವುದಿಲ್ಲವಾದ್ದರಿಂದ ಇ ಹಾಕಿದ ಎಲ್ಲಮ್ಮ ವೈ ಹಾಕಿದ ಎಲ್ಲಮ್ಮನನ್ನು ಸೇರುವುದಿಲ್ಲ. ಶ್ರೀನಿವಾಸನನ್ನು ಊರೆಲ್ಲ ಸೀನಪ್ಪ ಅನ್ನುತ್ತೆ ಅಂತ ಅದಕ್ಕೆ ಯಾರು ಹೇಳಬೇಕು? ಇಂಗ್ಲಿಷ್ ಹೆಸರಿಗೆ ಮಾಡಿದ್ದು ಅದು. ನಮ್ಮ ಹೆಸರಿಗೆ ನಮ್ಮವರೇ ಮಾಡಿಕೊಳ್ಳಬೇಕು.

ಕಾಗದ ಹೋದ ಮೇಲೆ ಎರಡು ವಾರಕ್ಕೆ ಫೋನು ಬಂತು. ಈ ಸಲ ಒಬ್ಬ ಹುಡುಗಿ, ಹುಬ್ಬಳ್ಳಿ ಕಡೆಯ ಮಾತು. "ಅಕ್ಕಾರ, ನೀವು ಬರದಿದ್ದೆಲ್ಲಾ ಓದೇನ್ರೀ. ನಮ್ಮಪ್ಪಂದೂ ಕಿರಾಣಿ ಅಂಗಡಿ ಐತ್ರಿ, ಅಲ್ಲೂ ಹಿಂಗ ಆಗ್ತೈತಿ" ಅಂದಳು. ಅರ್ಧ ಗಂಟೆ ಕೇಳಿಸಿಕೊಂಡಳು. ಯಾರು ಏನು ಹೆಸರಿಂದ ಹುಡುಕ್ತಾರೆ, ಸಿಗದೆ ಹೋದರೆ ಮುಂದೇನು ಮಾಡ್ತಾರೆ ಅಂತ ಅವಳೇ ತಿರುಗಿ ಕೇಳಿದಳು. ನನಗೆ ಅದೇ ಸಮಾಧಾನ ಆಯಿತು. ಆರು ತಿಂಗಳ ಮೇಲೆ ಸಾಫ್ಟ್‌ವೇರ್ ಹೊಸದಾಯಿತು. ಹೆಸರಿನ ನಡುವಿನ ತುಂಡಿಗೆ ಸಿಗುತ್ತೆ ಈಗ, ಫೋನ್ ನಂಬರಿಗೂ ಮೊತ್ತಕ್ಕೂ ಸಿಗುತ್ತೆ. ನಮ್ಮ ಕಾಗದದಿಂದಲೇ ಆಯಿತು ಅಂತ ನಾನು ಹೇಳಿಕೊಳ್ಳಲಾರೆ, ನನ್ನ ಹಾಗೆ ಎಷ್ಟು ಜನ ಬರೆದಿದ್ದರೋ. ಎಕ್ಸ್ ಮತ್ತು ಕೆ ಎಸ್ ಎಚ್ ಮಾತ್ರ ಇವತ್ತಿಗೂ ಸೇರಿಲ್ಲ. ಹೊಸಬರನ್ನು ಸೇರಿಸುವ ಮುಂಚೆ ಕೇಳುವುದೂ ಇಲ್ಲ.

ಅದು ಆಗುವವರೆಗೆ ಕೂರಲಿಕ್ಕಾಗುತ್ತೆಯೆ? ನಾವು ಮಾಡಿಕೊಂಡ ಏರ್ಪಾಟು ಹೇಳ್ತೀನಿ, ನಿಮಗೂ ಬೇಕಾದೀತು. ಗಿರಾಕಿ ಬಂದರೆ ಮೊದಲು ಫೋನ್ ನಂಬರು ಕೇಳುತ್ತೇವೆ, ಆಮೇಲೆ ಹೆಸರು. ನಂಬರಿಗೆ ಸ್ಪೆಲಿಂಗ್ ಇಲ್ಲವಲ್ಲ. ಜಿ.ಎಸ್.ಟಿ. ಇರುವ ವ್ಯಾಪಾರಿಗಳಾದರೆ ಅವರ 15 ಅಕ್ಷರದ ನಂಬರೇ ಗುರುತು. ಅದರಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಅವರ ಪ್ಯಾನ್ ನಂಬರು. ಹಾಗಾಗಿ ಪ್ಯಾನ್ ಗೊತ್ತಿದ್ದರೂ ಹುಡುಕಿಬಿಡಬಹುದು. ಹೆಸರಿನ ಪಕ್ಕದಲ್ಲೇ ಊರು ಬರೆಯುತ್ತೇವೆ, ಕೋಗಿಲು, ಅಲ್ಲಾಳಸಂದ್ರ, ಪುಟ್ಟೇನಹಳ್ಳಿ ಅಂತ. ಟಿಪ್ಪಣಿ ಬರೆಯುವ ಜಾಗದಲ್ಲಿ ಮಾವನವರ ಹಾಗೆ ಅಡ್ಡಹೆಸರು. ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ, ಕ್ಷ ಬಂದರೆ ಕೆ ಎಸ್ ಎಚ್, ಗೌಡ ಅಂದರೆ ಡಬ್ಲ್ಯೂ, ಎಲ್ಲಮ್ಮನಿಗೆ ವೈ, ಶ್ರೀ ಹಚ್ಚಬಾರದು ಅಂತ. ಅಂಗಡಿ ಹುಡುಗ ಬದಲಾದರೂ ಹಾಳೆ ಬದಲಾಗೋಲ್ಲ.

ಒಂದು ಎಚ್ಚರಿಕೆ. ಎರಡು ಖಾತೆ ಇದೆ ಅಂತ ಗೊತ್ತಾದ ಕೂಡಲೇ ಒಂದನ್ನು ಅಳಿಸಿಬಿಡೋಣ ಅಂತ ಹೊರಡಬೇಡಿ. ನಾನು ಹೊರಟಿದ್ದೆ, ಆಡಿಟರು ಕೈ ಹಿಡಿದು ನಿಲ್ಲಿಸಿದರು. ಬಿಲ್ಲಿನ ನಂಬರು ಒಂದರ ಹಿಂದೊಂದು ಸಾಲಾಗಿ ಇರಬೇಕು ಅಂತ ಜಿ.ಎಸ್.ಟಿ. ನಿಯಮ, 16 ಅಕ್ಷರ ಮೀರಬಾರದು, ಒಂದು ಆರ್ಥಿಕ ವರ್ಷದಲ್ಲಿ ಒಂದೇ ನಂಬರು ಎರಡು ಸಲ ಬರಬಾರದು. ನಡುವೆ ಒಂದನ್ನು ಕಿತ್ತರೆ ಕೇಳುತ್ತಾರೆ. ಜಮೆಯನ್ನು ಸರಿಯಾದ ಖಾತೆಗೆ ವರ್ಗಾಯಿಸಿ, ಖಾಲಿಯಾದ ಖಾತೆಯ ಹೆಸರಿನ ಹಿಂದೆ "ಬೇಡ" ಅಂತ ಬರೆದು ಹಾಗೇ ಬಿಟ್ಟೆವು. ಲೆಕ್ಕಪತ್ರಗಳನ್ನು ಕೂಡ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟಿರಲೇಬೇಕು. ಆರು ವರ್ಷದ ಮೇಲೆ ಯಾರೋ ಬಂದು ಒಂದು ಬಿಲ್ಲು ತೋರಿಸಿ ಅಂದರೆ ತೆಗೆದುಕೊಡುವ ಹಾಗಿರಬೇಕು ಅಂದಹಾಗಾಯಿತು.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಯವರು ಯು.ಪಿ.ಐ. ಲೆಕ್ಕ ನೋಡಿ ಚಿಕ್ಕ ಅಂಗಡಿಗಳಿಗೆ ನೋಟೀಸು ಕಳಿಸಿದಾಗ ಬೆಂಗಳೂರಿನಲ್ಲಿ ಎಷ್ಟು ಗಲಾಟೆಯಾಯಿತು, ನೆನಪಿದೆಯಲ್ಲ. ಬೇಕರಿ, ಕಾಂಡಿಮೆಂಟ್ಸ್‌ಗಳವರು ಕ್ಯೂ.ಆರ್. ಹಲಗೆ ಕಿತ್ತು ಒಳಗಿಟ್ಟರು. ಆರ್.ಟಿ. ನಗರದಲ್ಲಿರುವ ನಮ್ಮ ಓರಗಿತ್ತಿಯದೂ ಅಂಥದೇ ಒಂದು ಅಂಗಡಿ. ಅವಳಿಗೆ ನೋಟೀಸು ಬರಲಿಲ್ಲ, ಆದರೂ ಹೆದರಿ ನಡುಗಿದಳು. ಯಶವಂತಪುರದ ಯಾರ್ಡಿನಿಂದ ತಂದ ಬೇಳೆ ಬೆಲ್ಲದ ಚೀಟಿಗಳೆಲ್ಲ ಒಂದು ಬಕೆಟ್ಟಿನಲ್ಲಿ ತುಂಬಿಟ್ಟಿದ್ದಳು. ನಾನೂ ಮಗಳೂ ಒಂದು ಭಾನುವಾರ ಹೋಗಿ ತಿಂಗಳ ಪ್ರಕಾರ ಜೋಡಿಸಿ ಮೊಬೈಲಿಗೆ ಏರಿಸಿಕೊಟ್ಟೆವು. ಅವತ್ತು ಅವಳು ಮಾಡಿದ್ದ ಹಿದಕಿದ ಅವರೆಬೇಳೆ ಸಾರಿನ ವಿಷಯ ಬರೆದರೆ ಸಂಪಾದಕರು ಅದನ್ನು ಅಡಿಗೆ ಪುಟಕ್ಕೆ ಕಳಿಸಿಬಿಟ್ಟಾರು. ಅವರೆಯ ಕಾಲವೇ ಅಲ್ಲದ ಜುಲೈನಲ್ಲಿ ಎಲ್ಲಿಂದ ತಂದಳೋ!

ಆಮೇಲೆ ಸೆಪ್ಟೆಂಬರ್ 22ರಂದು ತೆರಿಗೆ ದರ ಬದಲಾಯಿತು. ಸಿಮೆಂಟಿಗೆ ಶೇಕಡ 28 ಇದ್ದದ್ದು 18ಕ್ಕೆ ಇಳಿಯಿತು. ರಾತ್ರಿ ಕೂತು ಎಲ್ಲ ಸಿಮೆಂಟಿನ ದರ ತಿದ್ದಬೇಕು. ಹುಡುಕಿದರೆ ಸಿಮೆಂಟು ಅಂತ ಕೆಲವು, ಬರೀ ಕಂಪನಿ ಹೆಸರಿನಲ್ಲಿ ಕೆಲವು, ಮೂಟೆ ಅಂತ ಒಂದು, ವೈಟ್ ಅಂತ ಇನ್ನೊಂದು. ಆಗ ಹೊಳೆಯಿತು, ಬಿಲ್ಲಿನಲ್ಲಿ ಬರುವ ಎಚ್.ಎಸ್.ಎನ್. ಸಂಖ್ಯೆ ಹಾಕಿ ನೋಡಿದೆ. 2523. ಬಿಳಿಯದು ಬೂದಿಬಣ್ಣದ್ದು ಎಲ್ಲ ಸಿಮೆಂಟೂ ಸಾಲಾಗಿ ಬಂದು ನಿಂತಿತು. ಪ್ಲಾಸ್ಟಿಕ್ ಪೈಪಿಗೆ 3917, ನಲ್ಲಿಗೆ 8481. ಈ ಸಂಖ್ಯೆಗಳು ಪ್ರಪಂಚದ ಬಹುಪಾಲು ದೇಶಗಳ ಕಸ್ಟಮ್ಸ್‌ನವರಿಗೂ ಒಂದೇ, 1988ರಿಂದ ಜಾರಿಯಲ್ಲಿದೆ. ನಲ್ಲಿಯೋ ಕೊಳಾಯಿಯೋ ಬಿಬ್ ಕಾಕೋ, ಏನಾದರೂ ಕರೆದುಕೊಳ್ಳಿ ಅಂತ ಅಷ್ಟು ಜನ ಸೇರಿ ಒಪ್ಪಿಕೊಂಡಿದ್ದಾರೆ. ನಮ್ಮವರು ಪಕ್ಕದಲ್ಲಿ ನಿಂತು ನೋಡಿ, "ಪರವಾಗಿಲ್ಲವೇ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಮೇಸ್ತ್ರಿ ಮಾತ್ರ ನಮ್ಮ ಅಂಗಡಿಗೆ ಬರಲಿಲ್ಲ. ಸಂತೆ ಸರ್ಕಲ್ಲಿನಲ್ಲಿ ಎರಡು ಸಲ ಎದುರಾದರು, ಚೆನ್ನಾಗಿದ್ದೀರಾ ಅವ್ವಾ ಅಂದರು, ಹೋದರು. ಸಾಮಾನು ಬೇರೆ ಕಡೆ ಒಯ್ಯುತ್ತಾರೆ ಅಂತ ಗೊತ್ತು. ನಮ್ಮವರು, ಬಿಡು, ವಯಸ್ಸಾಯಿತು, ಕೆಲಸ ಕಡಿಮೆ ಮಾಡಿರಬೇಕು ಅಂತಾರೆ. ಕಳೆದ ತಿಂಗಳು ಅವರ ಮಗ ಬಂದಿದ್ದ. ಅರ್ಧ ಇಂಚಿನ ಎಲ್ಬೋ ಆರು, ಒಂದು ನಲ್ಲಿ. ನನಗೆ ಕೈ ನಡುಗಿತು. ಬಾವಿಮನೆ ಅಂತ ಹೊಡೆದೆ, ಕೂಡಲೇ ಖಾತೆ ತೆರೆದುಕೊಂಡಿತು.

"ಬಿಲ್ಲು ಅಪ್ಪನ ಹೆಸರಿಗೇ ಹಾಕಲಾ?" ಅಂತ ಕೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಬೇಡ ಆಂಟಿ, ನನ್ನ ಹೆಸರಿಗೆ ಹಾಕಿ. ದುಡ್ಡು ಈಗಲೇ ಕೊಡ್ತೀನಿ" ಅಂದ. ಕೊಟ್ಟ. ಬಿಲ್ಲನ್ನು ನಾಲ್ಕಾಗಿ ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡು ಹೋದ.